ಮುಚ್ಚಳದ ಒಳಗಿನ ಸಹಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಡಿಯಲ್ಲಿ ನನ್ನನ್ನು ಪಟಾಕಿ ಅಂತಲೇ ಕರೆಯುವುದು. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ಚಿಕ್ಕಪ್ಪನದು. ಅಲ್ಲೊಂದು ಪದ್ಧತಿ ಇದೆ. ಜೋಡಿಸಿದವರು ಇಡೀ ದಿನ ಮೆಮೊರಿ ಪರೀಕ್ಷೆ ಓಡಿಸಿ, ಒಂದೂ ತಪ್ಪು ಕಾಣದಿದ್ದರೆ ಮಾತ್ರ ಪೆಟ್ಟಿಗೆಯ ಪಕ್ಕದ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಸಹಿ ಹಾಕಬೇಕು. ಯಾರೂ ನೋಡದ ಜಾಗದಲ್ಲಿ ಎಂಥ ಸಹಿ ಎಂದು ನಾನು ಮೂಗು ಮುರಿಯುತ್ತಿದ್ದೆ.

ಬೆಳಿಗ್ಗೆ ಆರೂವರೆಗೆ ಅಕ್ಕ ಫೋನ್ ಮಾಡಿದಳು. ಬೆರಳು ಕಳೆದುಕೊಂಡವರಿಗೆ ಕೃತಕ ಬೆರಳು ಮಾಡಿಕೊಡುವುದು ಅವಳ ಕೆಲಸ.

"ನೀನು ಕೊಟ್ಟ ಕಂಪ್ಯೂಟರ್ ಮತ್ತೆ ಅರ್ಧದಲ್ಲೇ ಆಫ್ ಆಯ್ತು ಕಣೇ. ನಿನ್ನೆಯಿಂದ ಮೂರನೇ ಸಲ. ಟೈಲರಮ್ಮ ಸಂಜೆ ಆರರ ಬಸ್ಸಿಗೆ ವಾಪಸ್ ಹೊರಡ್ತಾರೆ. ಇನ್ನೊಂದ್ಸಲ ಅಷ್ಟು ದೂರದಿಂದ ಯಾವಾಗ ಬರ್ತಾರೋ ಏನೋ."

ಟೈಲರಮ್ಮನ ಬಲಗೈ ತೋರುಬೆರಳು ಹೋಗಿ ವರ್ಷವಾಗಿತ್ತು. ಅಂದಿನಿಂದ ಸೂಜಿ ಮುಟ್ಟಿರಲಿಲ್ಲ.

"ಕರೆಂಟ್ ಸರಿ ಇಲ್ಲ ಅನ್ಸತ್ತೆ," ಎಂದೆ. ತಪ್ಪು ನನ್ನದಿರಬಹುದು ಎಂಬ ಯೋಚನೆ ನನ್ನ ಹತ್ತಿರವೂ ಸುಳಿಯಲಿಲ್ಲ.

ಏಳೂವರೆಗೆ ಅಕ್ಕನ ಕೋಣೆಯಲ್ಲಿದ್ದೆ. ಕಪಾಟಿನ ತುಂಬ ಸುಣ್ಣದ ಬಣ್ಣದ ಕೈಗಳ ಅಚ್ಚುಗಳು. ಕಿಟಕಿಯ ಪಕ್ಕ ಬೆರಳನ್ನು ಪದರ ಪದರವಾಗಿ ಎಬ್ಬಿಸುವ ಪ್ರಿಂಟರ್. ಟೈಲರಮ್ಮ ಮೂಲೆಯ ಕುರ್ಚಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದರು. ಬೆರಳಿನ ಆಕಾರದ ಲೆಕ್ಕಾಚಾರಕ್ಕೆ ಕಂಪ್ಯೂಟರ್ ನಾಲ್ಕು ಗಂಟೆ ನಿಲ್ಲದೆ ಓಡಬೇಕು. ಆಮೇಲೆ ಪ್ರಿಂಟರಿಗೆ ಎರಡು ಗಂಟೆ.

ಮುಚ್ಚಳ ಬಿಚ್ಚಿದೆ. ಒಳಗೆ ನನ್ನದೇ ಸಹಿ. ಕೆಳಗೆ ತಾರೀಖು: ಜೋಡಿಸಿದ ದಿನದ್ದೇ. ಅಂದು ಮೊದಲ ಸಲಕ್ಕೇ ಕಂಪ್ಯೂಟರ್ ಆನ್ ಆದ ಖುಷಿಗೆ, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲದೆ ಸಹಿ ಜಡಿದು ಜಂಬದಿಂದ ತಂದುಕೊಟ್ಟಿದ್ದೆ.

ಮೇಜಿನ ಮೇಲೆ ಅಕ್ಕ ಸಣ್ಣ ಸ್ಕ್ರೂಗಳನ್ನು ಹಾಕಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಕಂಡಿತು. ನಾನು ತಂದ ರ‍್ಯಾಮ್ ಜೋಡಿಯದೇ, ಅಂದರೆ ಎರಡು ಮೆಮೊರಿ ಪಟ್ಟಿಗಳದೇ, ಖಾಲಿ ಡಬ್ಬಿ. ಅದರ ಚೀಟಿಯನ್ನು ಮೊದಲ ಬಾರಿಗೆ ಓದಿದೆ. ಮಾಮೂಲಿಗಿಂತ ಜೋರಾಗಿ ಓಡಿಸಲು ಎಷ್ಟು ವೇಗ, ಎಷ್ಟು ವೋಲ್ಟೇಜ್ ಇಡಬೇಕು ಎಂದು ತಯಾರಿಸಿದವರು ರ‍್ಯಾಮಿನೊಳಗೇ ಬರೆದಿಟ್ಟಿರುತ್ತಾರೆ; ಅದಕ್ಕೆ ಪ್ರೊಫೈಲ್ ಅನ್ನುತ್ತೇವೆ. ನಾನು ಆನ್ ಮಾಡಿಟ್ಟಿದ್ದ ಪ್ರೊಫೈಲನ್ನು ಒಂದು ಕಂಪನಿಯ ಪ್ರೊಸೆಸರ್ ಜೊತೆ ಪರೀಕ್ಷಿಸಿ ಬರೆದಿದ್ದಾರೆ ಎಂದು ಚೀಟಿಯಲ್ಲಿತ್ತು. ಅಕ್ಕನ ಕಂಪ್ಯೂಟರಿನಲ್ಲಿದ್ದದ್ದು ಇನ್ನೊಂದು ಕಂಪನಿಯದು. ಎಷ್ಟೋ ಸಲ ಹೊಂದಿಕೊಂಡುಬಿಡುತ್ತದೆ. ಇಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಹೊಂದಿಕೊಂಡು, ಭಾರ ಬಿದ್ದಾಗ ಕೈ ಕೊಡುತ್ತಿತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಪ್ರೊಫೈಲ್ ತೆಗೆದುಬಿಡು ಪಟಾಕಿ. ಮಾಮೂಲಿ ವೇಗದಲ್ಲೇ ಓಡ್ಲಿ."

"ಒಂದು ಗಂಟೆ ಜಾಸ್ತಿ ಹಿಡಿಯತ್ತೆ ಚಿಕ್ಕಪ್ಪ."

"ಹಿಡೀಲಿ ಬಿಡು."

ಅಷ್ಟಕ್ಕೇ ಬಿಟ್ಟರೆ ನಾನೆಂಥ ಪಟಾಕಿ? ವೇಗ ಒಂದಿಷ್ಟು ಇಳಿಸಿ, ವೋಲ್ಟೇಜ್ ತುಸು ಏರಿಸಿ, ನನ್ನ ಕೈಯಾರೆ ಹೊಂದಿಸಿ ಲೆಕ್ಕಾಚಾರ ಓಡಿಸಿದೆ. ಹತ್ತು ನಿಮಿಷ ಓಡಿತು. ಮೂವತ್ತು ನಿಮಿಷ. ಅಕ್ಕನ ಕಡೆ ಗೆದ್ದವಳಂತೆ ನೋಡಿದೆ. ನಲವತ್ತನೇ ನಿಮಿಷಕ್ಕೆ ಪರದೆ ಕಪ್ಪಾಯಿತು.

"ನಿನ್ನ ಹಟಕ್ಕೆ ಅವರ ಬಸ್ಸು ಕಾಯಲ್ಲ," ಎಂದಳು ಅಕ್ಕ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳ ದನಿ ತಣ್ಣಗಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹಟ ಬಿಡಲಿಲ್ಲ, ಬೇರೆ ಕಡೆ ತಿರುಗಿಸಿದೆ. ಇವತ್ತು ಆ ಬೆರಳು ಹೊರಗೆ ಬರಲೇಬೇಕು. ಪ್ರೊಫೈಲ್ ತೆಗೆದು ಮಾಮೂಲಿ ವೇಗಕ್ಕೆ ಹಾಕಿದೆ. ಅರ್ಧ ಗಂಟೆ ಪರೀಕ್ಷೆ ಓಡಿಸಿದೆ. ಆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಒಂದೂ ತಪ್ಪಿರಲಿಲ್ಲ. ಒಂಬತ್ತೂ ಕಾಲಿಗೆ ಲೆಕ್ಕಾಚಾರ ಶುರುವಾಯಿತು.

ಆ ಐದು ಗಂಟೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಅಕ್ಕ ಟೀ ತಂದಿಟ್ಟಳು, ಅದು ಆರಿಹೋಯಿತು. ಕಂಪ್ಯೂಟರ್ ನಿಧಾನವಾಗಿ, ನಿಲ್ಲದೆ ಓಡಿತು. ಎರಡೂ ಕಾಲಿಗೆ ಮುಗಿಯಿತು. ನಾಲ್ಕೂವರೆಗೆ ಬೆರಳು ಅಕ್ಕನ ಅಂಗೈಯಲ್ಲಿತ್ತು.

ಅವಳು ಅಂಚು ಉಜ್ಜಿ ನಯ ಮಾಡಿ ಟೈಲರಮ್ಮನಿಗೆ ತೊಡಿಸಿದಳು. ಅವರು ಚೀಲದಿಂದ ಒಂದು ತುಂಡು ಬಟ್ಟೆ, ದಾರ ಪೋಣಿಸಿಟ್ಟ ಸೂಜಿ ತೆಗೆದರು. ಮೊದಲ ಸಲ ಸೂಜಿ ಜಾರಿ ಬಿತ್ತು. ಎರಡನೇ ಸಲ ನಿಂತಿತು. ನಾಲ್ಕು ಹೊಲಿಗೆ ಹಾಕಿ, ಬೆಳಕಿಗೆ ಹಿಡಿದು ನೋಡಿದರು. ನನ್ನ ಕಣ್ಣಿಗೆ ನೆಟ್ಟಗೇ ಇತ್ತು. ಅವರು ಹಲ್ಲಿನಿಂದ ದಾರ ಕಚ್ಚಿ ನಾಲ್ಕನ್ನೂ ಬಿಚ್ಚಿಹಾಕಿ ಮತ್ತೆ ಶುರುಮಾಡಿದರು.

"ಚೆನ್ನಾಗೇ ಇತ್ತಲ್ಲಮ್ಮ. ಅದು ಒಳಗಿನ ಹೊಲಿಗೆ ಬೇರೆ, ಯಾರು ನೋಡ್ತಾರೆ?" ಎಂದೆ.

"ನಾನು ನೋಡ್ದೆನಲ್ಲ," ಎಂದರು ತಲೆ ಎತ್ತದೆ.

ಅವರನ್ನು ಬಸ್ಸಿಗೆ ಹತ್ತಿಸಲು ಅಕ್ಕ ಹೊರಟಳು. ನಾನು ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ರಬ್ಬರಿನಿಂದ ನನ್ನ ಹೆಸರನ್ನು ಉಜ್ಜಿ ಉಜ್ಜಿ ಅಳಿಸಿದೆ. ಮೆಮೊರಿ ಪರೀಕ್ಷೆ ಶುರುಮಾಡಿ, ನಾಳೆ ಸಂಜೆಯವರೆಗೆ ಇದನ್ನು ಯಾರೂ ಮುಟ್ಟಬೇಡಿ ಎಂದು ಚೀಟಿ ಬರೆದು ಅಂಟಿಸಿದೆ. ಪೆನ್ಸಿಲನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.