ಟ್ರಯಲ್ ರೂಮಿನಲ್ಲಿ ಕೋಳಿ

ಕೋಳಿಯ ಕೊಕ್ಕಿನಿಂದ ನೀಲಿ ದಾರವೊಂದು ಜೋತುಬಿದ್ದಿದ್ದನ್ನು ಮೊದಲು ಕಂಡದ್ದು ಅತ್ತೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು, "ಅಯ್ಯೋ, ಏನು ನುಂಗಿದ್ಯೇ ಪಾಪಿ" ಎನ್ನುತ್ತ ಅದನ್ನು ಹಿಡಿದು, ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅಂಗಡಿಯ ಹಿಂಬಾಗಿಲಿಗೆ ಬಂದ ಟೈಲರ್ ಅದನ್ನು ನೋಡಿದ.

"ಎಳೀಬೇಡಿ ಅತ್ತೆ! ಅದರ ತುದೀಲಿ ಸೂಜಿ ಇದೆ!"

ಎಷ್ಟೋ ತಿಂಗಳ ನಂತರ ಅವನು ಅತ್ತೆಯ ಮುಖ ನೋಡಿ ಆಡಿದ ಮೊದಲ ಮಾತು ಅದು.

ಅವರಿಬ್ಬರ ನಡುವೆ ಮಾತು ನಿಂತದ್ದೂ ಇದೇ ಕೋಳಿಯಿಂದ. ಮಗಳ ಮನೆಯಲ್ಲಿರಲು ಬಂದಾಗ ಅತ್ತೆ ಒಂದು ಟ್ರಂಕಿನ ಜೊತೆಗೆ ಈ ಕೆಂಪು ಹೇಂಟೆಯನ್ನೂ ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಕತ್ತು ನಿಗುರಿಸಿಕೊಂಡು ಅದು ನಡೆಯುವ ಠೀವಿ ನೋಡಿ ಮಗಳು ಜಂಬಿ ಎಂದು ಹೆಸರಿಟ್ಟಳು. "ಜಂಬದ ಕೋಳಿ ಅಂತ ಯಾರ್ಯಾರನ್ನೋ ಬೈತಿದ್ವಿ, ಈಗ ಅಸಲೀನೇ ಮನೆಗೆ ಬಂತು" ಎಂದು ನಕ್ಕಳು. ಒಂದು ದಿನ ಜಂಬಿ ಅಂಗಡಿಗೆ ನುಗ್ಗಿ, ಮೇಜಿನ ಮೇಲೆ ಇಸ್ತ್ರಿ ಮಾಡಿಟ್ಟಿದ್ದ ವಕೀಲರ ಕರಿಕೋಟನ್ನು ಗಲೀಜು ಮಾಡಿಬಿಟ್ಟಿತು. ಟೈಲರ್ ಕೆಂಡಾಮಂಡಲವಾಗಿ, "ಇನ್ನೊಂದ್ಸಲ ಒಳಗೆ ಬಂದ್ರೆ ಕುಯ್ದು ಸಾರು ಮಾಡ್ತೀನಿ" ಎಂದ. ಅತ್ತೆ ಅವತ್ತಿನಿಂದ ಅವನೊಂದಿಗೆ ಮಾತು ಬಿಟ್ಟರು. ಏನಿದ್ದರೂ ಮಗಳ ಮೂಲಕ. "ನಿನ್ನ ಗಂಡಂಗೆ ಹೇಳು, ನಲ್ಲಿ ಸೋರ್ತಿದೆ." "ನಿಮ್ಮಮ್ಮಂಗೆ ಹೇಳು, ಕೇಳಿಸ್ತು." ಮಗಳು ಬಸ್ ಕಂಡಕ್ಟರ್. "ದಿನವಿಡೀ ಬಸ್ಸಲ್ಲಿ ಜಗಳ ಬಿಡಿಸಿ ಬರ್ತೀನಿ, ಇಲ್ಲೂ ಅದೇ ಡ್ಯೂಟಿ" ಎಂದು ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ಸೂಜಿ ಅವನದೇ. ಪ್ಯಾಂಟಿನ ಕಾಲುಮಡಿಕೆ ಹೊಲಿಯುತ್ತಿದ್ದವನು ಫೋನು ಬಂತೆಂದು ದಾರ ಪೋಣಿಸಿದ ಸೂಜಿಯನ್ನು ಸ್ಟೂಲಿನ ಮೆತ್ತೆಗೆ ಚುಚ್ಚಿ ಎದ್ದು ಹೋಗಿದ್ದ. ವಾಪಸು ಬಂದಾಗ ಸೂಜಿ ಇರಲಿಲ್ಲ, ಹಿಂಬಾಗಿಲು ತೆರೆದಿತ್ತು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಅಂದೇ ಸಂಜೆ, ತಿಂದ ಕಾಳು ಮೊದಲು ಕೂಡಿಕೊಳ್ಳುವ ಕತ್ತಿನ ಬುಡದ ಚೀಲವನ್ನು ಸಣ್ಣದಾಗಿ ಕೊಯ್ದು ಸೂಜಿ ತೆಗೆದರು. ಒಳಗಿನ ಚೀಲಕ್ಕೊಂದು, ಮೇಲಿನ ಚರ್ಮಕ್ಕೊಂದು ಹೊಲಿಗೆ ಹಾಕಿದರು. "ಕಾಳು ಮುಟ್ಟಿಸಬೇಡಿ. ತೆಳ್ಳಗೆ ಕಲಸಿದ ಹಿಟ್ಟು, ಸಿರಿಂಜಿನಲ್ಲಿ, ಸ್ವಲ್ಪ ಸ್ವಲ್ಪ. ಬೆಚ್ಚಗಿರಲಿ. ಗಾಯ ಕುಕ್ಕಿಕೊಳ್ಳದ ಹಾಗೆ ನೋಡ್ಕೊಳ್ಳಿ" ಎಂದು ಕಳಿಸಿದರು.

ಹಿತ್ತಲಲ್ಲಿ ಬೆಕ್ಕಿನ ಕಾಟ, ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕೊನೆಗೆ ಅಂಗಡಿಯ ಮೂಲೆಯಲ್ಲಿ ಪರದೆ ಕಟ್ಟಿ ಮಾಡಿದ್ದ ಟ್ರಯಲ್ ರೂಮೇ ಜಂಬಿಯ ವಾರ್ಡಾಯಿತು. ಕನ್ನಡಿಯ ಕೆಳಗೆ ರಟ್ಟಿನ ಪೆಟ್ಟಿಗೆ, ಅದರೊಳಗೆ ಚೂರುಬಟ್ಟೆಯ ಹಾಸಿಗೆ, ಮೇಲೊಂದು ಬಲ್ಬು. ಅತ್ತೆ ಅಲ್ಲೇ ಮಣೆ ಹಾಕಿಕೊಂಡು ಕೂತರು. ಬ್ಲೌಸು ತೊಟ್ಟು ನೋಡಲು ಬಂದ ಟೀಚರಿಗೆ ಟೈಲರ್, "ಒಳಗೆ ಬೇರೆಯವರಿದ್ದಾರೆ ಮೇಡಂ, ನಾಳೆ ಬನ್ನಿ" ಎಂದ. ಪರದೆಯ ಹಿಂದಿನಿಂದ "ಕೊಕ್" ಎಂದಿತು. ಟೀಚರು ಅವನ ಮುಖವನ್ನೂ ಪರದೆಯನ್ನೂ ನೋಡಿ, ಏನೂ ಕೇಳದೆ ಹೊರಟುಹೋದರು.

ಮರುದಿನ ಮಗಳು ದೂರದ ರೂಟಿಗೆ ಹೊರಟಳು. ಬರುವುದು ಅದರ ಮರುದಿನವೇ. "ಇಬ್ರೂ ಕೋಳೀನ ನೋಡ್ಕೊಳ್ಳಿ, ಅದು ನಿಮ್ಮಿಬ್ರನ್ನ ನೋಡ್ಕೊಳ್ಳುತ್ತೆ" ಎಂದು ಚೀಲ ಹೆಗಲಿಗೇರಿಸಿ ನಡೆದಳು.

ಬೆಳಗಿನ ಕೆಲಸ ಮುಗಿದು ಟೈಲರ್ ಮಷೀನಿಗೆ ಎಣ್ಣೆ ಬಿಡುತ್ತಿದ್ದಾಗ ಪರದೆಯೊಳಗಿಂದ ಅತ್ತೆಯ ದನಿ ಬಂತು.

"ಇಲ್ಲಿ ಬನ್ನಿ ಸ್ವಲ್ಪ. ಬೇಗ ಬನ್ನಿ."

ಜಂಬಿಯ ಎದೆಯ ಪುಕ್ಕವೆಲ್ಲ ಒದ್ದೆಯಾಗಿ ಅಂಟಿಕೊಂಡಿತ್ತು. ಟೈಲರ್ ಪುಕ್ಕ ಸರಿಸಿ ನೋಡಿದ. ಒಂದು ಕಡೆ ಹೊಲಿಗೆ ಬಿಟ್ಟುಕೊಂಡಿತ್ತು. ಆಗಷ್ಟೇ ಕುಡಿಸಿದ್ದ ಹಿಟ್ಟಿನ ನೀರು ಅಲ್ಲಿಂದ ಜಿನುಗುತ್ತಿತ್ತು. ಹುಳಿ ನಾತ ಮೂಗಿಗೆ ಬಡಿಯಿತು. ಜಂಬಿ ಕೊಸರಾಡಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಡಾಕ್ಟರಮ್ಮನಿಗೆ ಫೋನು ಮಾಡಿದ. ಎತ್ತಲಿಲ್ಲ. ಆಸ್ಪತ್ರೆಗೆ ಮಾಡಿದ. "ಮೇಡಂ ಹಳ್ಳಿ ಕಡೆ ಕ್ಯಾಂಪಿಗೆ ಹೋಗಿದ್ದಾರೆ, ಸಾಯಂಕಾಲ ಬರ್ತಾರೆ" ಎಂದಿತು ಯಾವುದೋ ನಿದ್ದೆಗಣ್ಣಿನ ದನಿ.

ಅತ್ತೆ ಎದ್ದು ಹೋಗಿ ಅವನ ಸೂಜಿಡಬ್ಬಿ ತಂದು ಮುಂದೆ ಇಟ್ಟರು.

"ಹೊಲೀರಿ."

"ಏನು?"

"ಹೊಲೀರಿ ಅಂದೆ. ಸೂಜೀನ ಬಿಸಿನೀರಲ್ಲಿ ಕುದಿಸಿ ಕೊಡ್ತೀನಿ. ಬೆಳಗಾದ್ರೆ ಅದೇ ಕೆಲಸ ತಾನೇ ಮಾಡೋದು?"

"ಅತ್ತೆ, ಅದು ಬಟ್ಟೆ. ಇದು ಜೀವ. ಎಲ್ಲಿ ಚುಚ್ಚಬೇಕು, ಎಷ್ಟು ಆಳ, ನಂಗೇನು ಗೊತ್ತು?"

"ಕಣ್ಣೆದುರಿಗೇ ಸೋರ್ತಿದೆಯಲ್ರೀ! ಸಾಯಂಕಾಲದವರೆಗೆ ಉಳಿಯುತ್ತಾ ಇದು?"

"ತಪ್ಪಾಗಿ ಚುಚ್ಚಿದ್ರೆ ಈಗಲೇ ಹೋಗುತ್ತೆ. ನನ್ನಿಂದಾಗಲ್ಲ."

ಅತ್ತೆಯ ಮುಖ ಕಪ್ಪಿಟ್ಟಿತು. ಅವರು ದನಿ ಏರಿಸಲಿಲ್ಲ.

"ಆಗಲ್ವೋ, ಮನಸ್ಸಿಲ್ವೋ? ಸಾರು ಮಾಡ್ತೀನಿ ಅಂದೋರು ನೀವೇ. ಸೂಜಿ ಅಲ್ಲಿ ಬಿಟ್ಟು ಹೋದೋರೂ ನೀವೇ. ಬೇಕೂಂತಲೇ ಬಿಟ್ಟಿರಾ?"

ಟೈಲರ್ ಇಲ್ಲ ಎನ್ನಬೇಕಿತ್ತು. ಆದರೆ ನಿನ್ನೆಯಿಂದ ಅವನೂ ಅದನ್ನೇ ಕೆದಕಿಕೊಳ್ಳುತ್ತಿದ್ದ. ಇಷ್ಟು ವರ್ಷದ ಕಸುಬಿನಲ್ಲಿ ಒಂದು ಸಲವೂ ಪೋಣಿಸಿದ ಸೂಜಿಯನ್ನು ಬೇಕಾಬಿಟ್ಟಿ ಬಿಟ್ಟು ಎದ್ದವನಲ್ಲ. ಹಿಂಬಾಗಿಲು ತೆರೆದಿದ್ದದ್ದು ಕಂಡಿತ್ತು. ಕೋಳಿ ಹೊಸ್ತಿಲ ಬಳಿ ಇದ್ದದ್ದೂ ಕಂಡಿತ್ತೇ? ನೆನಪಾಗುತ್ತಿರಲಿಲ್ಲ. ಅವನು ಒಂದು ಶುಭ್ರ ಬಿಳಿಬಟ್ಟೆ ಹರಿದು, ಮಡಿಸಿ, ಗಾಯದ ಮೇಲಿಟ್ಟು ಮೆಲ್ಲಗೆ ಅಂಗೈಯಲ್ಲಿ ಒತ್ತಿಹಿಡಿದ. ಅಂಗೈ ಕೆಳಗೆ ಪುಟ್ಟ ಎದೆ ಡವಡವ ಎನ್ನುತ್ತಿತ್ತು. ಒಮ್ಮೊಮ್ಮೆ ನಿಂತೇಹೋಯಿತೇನೋ ಅನ್ನಿಸಿ ಅವನೂ ಉಸಿರು ಬಿಗಿಹಿಡಿಯುತ್ತಿದ್ದ.

ಫೋನು ಗುಂಯ್‌ಗುಟ್ಟಿತು. ಡಾಕ್ಟರಮ್ಮ. ಹಿಂದೆ ದನಕರುಗಳ ಅಂಬಾ ದನಿ. ಕೈ ಬಿಡುವಿಲ್ಲದ್ದರಿಂದ ಅವನು ಸ್ಪೀಕರಿಗೆ ಹಾಕುವಂತೆ ಸನ್ನೆ ಮಾಡಿದ. ಅತ್ತೆ ಗುಂಡಿ ಒತ್ತಿದರು.

"ಹೊಲಿದುಬಿಟ್ರಾ ಏನಾದ್ರೂ?" ಎಲ್ಲ ಕೇಳಿಸಿಕೊಂಡ ಮೇಲೆ ಡಾಕ್ಟರಮ್ಮ ಅವಸರದಿಂದ ಕೇಳಿದರು.

"ಇಲ್ಲ ಮೇಡಂ."

"ಸದ್ಯ. ಬಿಟ್ಟಿರೋದು ಒಳಗಿನ ಚೀಲ. ಮೇಲಿನ ಚರ್ಮ ಮುಚ್ಚಿದ್ರೆ ಸೋರಿದ್ದೆಲ್ಲ ಒಳಗೇ ಕೊಳೆಯುತ್ತೆ, ಆಮೇಲೆ ಏನೂ ಮಾಡೋಕಾಗಲ್ಲ. ಇನ್ನು ಏನೂ ಕುಡಿಸಬೇಡಿ. ಬಟ್ಟೆ ಒತ್ತಿ ಹಿಡ್ಕೊಂಡು, ಬೆಚ್ಚಗಿಟ್ಟು ಕರ್ಕೊಂಡು ಬನ್ನಿ. ನಾನು ಇಲ್ಲಿಂದ ಹೊರಟೆ."

ಅತ್ತೆ ಸೂಜಿಡಬ್ಬಿಯ ಮುಚ್ಚಳ ಹಾಕಿದರು. ತಮ್ಮ ಶಾಲನ್ನು ಹೊದಿಸಿ ಜಂಬಿಯನ್ನು ಎತ್ತಿಕೊಂಡರು. "ನಾನು ಹಿಡ್ಕೋತೀನಿ. ನೀವು ಗಾಡಿ ತೆಗೀರಿ."

ಸ್ಕೂಟರಿನ ಹಿಂದೆ ಕೂತು ಅಭ್ಯಾಸವಿಲ್ಲದ ಅವರು ಒಂದು ಕೈಯಲ್ಲಿ ಕೋಳಿ, ಇನ್ನೊಂದರಲ್ಲಿ ಅಳಿಯನ ಅಂಗಿಯ ಕಾಲರು ಹಿಡಿದುಕೊಂಡರು. ಹಳ್ಳ ಬಂದಾಗಲೆಲ್ಲ ಕಾಲರು ಅವನ ಕತ್ತು ಬಿಗಿಯುತ್ತಿತ್ತು. ರೈಲ್ವೆ ಗೇಟು ತಲುಪುವುದಕ್ಕೂ ಅದು ಬೀಳುವುದಕ್ಕೂ ಸರಿಹೋಯಿತು. ರೈಲಿನ ಸುಳಿವೇ ಇರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು.

"ಹೇಗಿದೆ ಅತ್ತೆ?"

"ಜುಟ್ಟು ಬಿಳಿಚ್ಕೊಂಡಿದೆ. ಕಣ್ಣು ಮುಚ್ತಿದೆ."

"ಮಾತಾಡಿಸ್ತಿರಿ ಅದನ್ನ."

ಅತ್ತೆ ಮಾತಾಡಿಸಿದರು. ಜಂಬೀ, ನನ್ನವ್ವಾ, ಕಣ್ಣು ಬಿಡೇ, ಕಳ್ಳಿ, ಇಷ್ಟಕ್ಕೇ ಸೋಲ್ತೀಯಾ ಎಂದು ಬೈದರು, ಮುದ್ದಿಸಿದರು. ಪಕ್ಕದ ಲಾರಿಯ ಡ್ರೈವರ್ ಕಿಟಕಿಯಿಂದ ಬಗ್ಗಿ, ಮಗು ಎಂದುಕೊಂಡು, "ಏನಾಗಿದೆಯಮ್ಮಾ ಕೂಸಿಗೆ?" ಎಂದ. ಶಾಲಿನಿಂದ ಕೊಕ್ಕು ಕಂಡಿದ್ದೇ ನಗಲು ಬಾಯಿ ತೆರೆದವನು ಅತ್ತೆಯ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡ. ಗೇಟು ಎದ್ದಾಗ ತಾನೇ ಲಾರಿಯನ್ನು ಹಿಂದಕ್ಕೆಳೆದು ಸ್ಕೂಟರಿಗೆ ದಾರಿ ಬಿಟ್ಟ.

ಕ್ಯಾಂಪಿನ ಧೂಳು ಮೆತ್ತಿದ ಬೂಟಿನಲ್ಲೇ ಡಾಕ್ಟರಮ್ಮ ಬಂದು ಕೈ ತೊಳೆದರು. ಸತ್ತ ಅಂಚನ್ನು ಕತ್ತರಿಸಿ, ಒಳಗನ್ನೆಲ್ಲ ತೊಳೆದು, ಮತ್ತೆ ಹೊಲಿದರು. ಟೈಲರ್ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತ. ಅತ್ತೆ ಕೊನೆಯವರೆಗೂ ಕೋಳಿಯ ಕಾಲು ಹಿಡಿದುಕೊಂಡಿದ್ದರು.

"ಉಳಿಯುತ್ತಾ?" ಎಂದರು ಅತ್ತೆ.

"ಸುಳ್ಳು ಹೇಳಲ್ಲಮ್ಮ. ಅರ್ಧಕ್ಕರ್ಧ. ನಾಳೆಯಿಂದ ಹನಿಹನಿಯಾಗಿ ಕುಡಿಸಿ. ಸಾಯಂಕಾಲ ಕುಡಿಸಿದ್ದು ಬೆಳಿಗ್ಗೆ ಹೊತ್ತಿಗೆ ಚೀಲದಿಂದ ಕೆಳಗಿಳಿದಿರಬೇಕು. ಇಳೀತಿದೆ ಅಂದ್ರೆ ಬದುಕ್ತು ಅಂತ ತಿಳ್ಕೊಳ್ಳಿ."

ಮರುದಿನ ಮಗಳು ಬಂದಾಗ ಅಂಗಡಿಗೆ ಅರ್ಧ ಶಟರು. ಒಳಗೆ ಗಂಡ ಕೊಕ್ಕು ಬಿಡಿಸಿ ಹಿಡಿದಿದ್ದ, ಅಮ್ಮ ಸಿರಿಂಜು ಒತ್ತುತ್ತಿದ್ದರು. "ಅಷ್ಟು ಜೋರಾಗಿ ಬೇಡ ಅತ್ತೆ, ನೆತ್ತಿಗೇರುತ್ತೆ." "ನೀವು ಕತ್ತು ನೆಟ್ಟಗೆ ಹಿಡೀರಿ ಮೊದಲು." ಮಗಳು ಬಾಗಿಲಲ್ಲೇ ನಿಂತು, ಇದು ತನ್ನ ಮನೆಯೇ ಹೌದೋ ಎಂದು ಬೋರ್ಡು ನೋಡಿದಳು.

ಮೊದಲ ಬೆಳಿಗ್ಗೆ ಚೀಲ ಇಳಿದಿರಲಿಲ್ಲ. ಬೆರಳಿಗೆ ಮೆತ್ತಗೆ, ನೀರು ತುಂಬಿದ ಬಲೂನಿನಂತೆ ಸಿಕ್ಕಿತು. ಟೈಲರ್ ಹೊಲಿದ ತೋಳನ್ನೇ ಬಿಚ್ಚಿ ಮತ್ತೆ ಹೊಲಿದ. ಫೋನಿನಲ್ಲಿ ಡಾಕ್ಟರಮ್ಮ, "ಇನ್ನೂ ಕಮ್ಮಿ ಕೊಡಿ, ಕಾಯಿರಿ" ಎಂದರು.

ಎರಡನೆಯ ಬೆಳಿಗ್ಗೆ ಅತ್ತೆ ಪರದೆಯೊಳಗೆ ಹೋದವರು ಬಹಳ ಹೊತ್ತು ಹೊರಬರಲಿಲ್ಲ. ಟೈಲರ್ ಹಲ್ಲುಜ್ಜುತ್ತಿದ್ದ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಒಳಗೆ ಬಂದ. ಅತ್ತೆ ಅವನ ಕೈಹಿಡಿದು ಜಂಬಿಯ ಕತ್ತಿನ ಬುಡಕ್ಕೆ ಒತ್ತಿದರು. ಬರಿದಾಗಿತ್ತು. ಒಣಗಿದ ಹೊಲಿಗೆಯ ಗೀರು ಬಿಟ್ಟರೆ ಬೆರಳಿಗೆ ಏನೂ ಸಿಗಲಿಲ್ಲ.

ಟೈಲರ್ ಇನ್ನೊಮ್ಮೆ ಒತ್ತಿ ನೋಡಿದ.

"ಅವತ್ತು ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ," ಎಂದರು ಅತ್ತೆ, ಕೋಳಿಯ ಪುಕ್ಕ ಸವರುತ್ತ. "ಬೇಕೂಂತ ಮಾಡಿದ್ರಿ ಅಂತ."

"ನೀವನ್ನೋ ಮೊದಲೇ ನಾನು ನನ್ನನ್ನ ಕೇಳ್ಕೊಂಡಿದ್ದೆ ಅತ್ತೆ," ಎಂದ ಅವನು, ಬ್ರಷ್ಷು ತೆಗೆದು. "ಬೇಕೂಂತ ಮಾಡಲಿಲ್ಲ. ಆದ್ರೆ ಈ ಕೋಳಿ ಬಗ್ಗೆ ಅಸಡ್ಡೆ ಇತ್ತು. ಅದು ನಿಜ."

ಅತ್ತೆ ಜಂಬಿಯ ಮೇಲೆ ಚೂರುಬಟ್ಟೆ ಹೊದಿಸಿ, "ಬಾಯಿ ತೊಳ್ಕೊಂಡು ಬನ್ನಿ, ನೊರೆ ಸುರೀತಿದೆ" ಎಂದರು.

ಗಾಯ ಮಾಯಲು ಇನ್ನೂ ಬಹಳ ದಿನ ಹಿಡಿಯಿತು. ಎದೆಯ ಪುಕ್ಕ ಮತ್ತೆ ಬಂದರೂ ಒಂದು ಕಡೆ ಸೊಟ್ಟಗೆ ಬಂತು. ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದ ಜಂಬಿ ಮತ್ತೆ ಇಟ್ಟಿತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನೆನೆಸಿದ ಕಾಳನ್ನು ತಾನೇ ಹೆಕ್ಕಿ ತಿಂದ ದಿನ ಅದು ಪೆಟ್ಟಿಗೆಯಿಂದ ಹೊರಗೆ ಜಿಗಿದು, ಕನ್ನಡಿಯ ಮುಂದೆ ನಿಂತು, ಅಲ್ಲಿ ಕಂಡ ಕೋಳಿಯನ್ನು ನೋಡಿ ಸಿಟ್ಟಿಗೆದ್ದು ಕುಕ್ಕಿತು. ಪರದೆಯಾಚೆ ಬ್ಲೌಸು ಹಿಡಿದು ಕಾಯುತ್ತಿದ್ದ ಟೀಚರು, "ಇವತ್ತಾದ್ರೂ ಖಾಲಿ ಆಗುತ್ತೇನ್ರೀ?" ಎಂದು ಕೇಳುತ್ತಿದ್ದರು.