ದಿಬ್ಬದ ಆಚೆ ಮಗ್ಗುಲು

ಬಲಗಾಲಿನ ಸ್ಕೀ ಮತ್ತೆ ಗೆರೆ ತಪ್ಪುತ್ತಿದೆ, ಹಿಮದಲ್ಲಿ ಇಷ್ಟು ಆಳಕ್ಕೆ ಜೋಡಿ ಗೆರೆ ಕೊರೆದಿಟ್ಟಿದ್ದಾರೆ, ಅದರೊಳಗೆ ಸುಮ್ಮನೆ ಜಾರಿಕೊಂಡು ಹೋಗಲು ಇದಕ್ಕೇನು ರೋಗ, ಮಂಡಿ ಬಗ್ಸು ಮೆರೆಟೆ, ಕಂಬದ ಥರ ನಿಂತ್ರೆ ಕಂಬದ ಥರಾನೇ ಬೀಳ್ತೀಯ, ಮುಂದೆ ಹೋಗುತ್ತಿರುವ ಅತ್ತೆ ತಿರುಗಿ ಕೂಡ ನೋಡದೆ ಹೇಳುತ್ತಾಳೆ, ಎಪ್ಪತ್ತಾರರ ಮುದುಕಿ, ಬೆನ್ನಿಗೂ ಕಣ್ಣಿದೆ — ಬಗ್ಗಿಸಿದೆ, ಬಗ್ಗಿಸಿದರೆ ತೊಡೆ ನಡುಗುತ್ತದೆ, ನಾರ್ವೆಯವರು ಸ್ಕೀ ಕಟ್ಟಿಕೊಂಡೇ ಹುಟ್ಟುತ್ತಾರಂತೆ, ನಾನು ಹುಟ್ಟಿದ್ದು ಡೆನ್ಮಾರ್ಕಿನಲ್ಲಿ, ನಿಮ್ಮ ದೇಶದ ಬೆಟ್ಟಕ್ಕಿಂತ ನಮ್ಮ ದನದ ಕೊಟ್ಟಿಗೆ ಎತ್ತರ ಕಣೇ ಎಂದು ಆಸ್ಮುಂಡ್ ನಗುತ್ತಿದ್ದ, ಮದುವೆಯಾದಾಗಿಂದ ಅದೇ ಜೋಕು, ಬಾರೇ ಒಂದ್ಸಲ, ನಾನು ಹಿಡ್ಕೋತೀನಿ, ಇಪ್ಪತ್ತು ಚಳಿಗಾಲ ಕರೆದ, ಮುಂದಿನ ವರ್ಷ ಅನ್ನುತ್ತಿದ್ದೆ, ನಾನು ಒಲೆ ಮುಂದೆ ಪುಸ್ತಕ ಹಿಡಿದು ಕೂರುತ್ತಿದ್ದೆ, ಅವನು ಒಬ್ಬನೇ ಹೋಗುತ್ತಿದ್ದ — ಅಯ್ಯೋ, ಬಿದ್ದೆ, ಹಿಮ ಕೊರಳೊಳಗೆ ಇಳಿಯಿತು, ಅವನು ಬಿದ್ದರೆ ಜಟ್ಟಿ ಜಾರಿ ಬಿದ್ದ ಹಾಗೆ, ಅದೂ ಒಂದು ಪಟ್ಟು, ನಾನು ಬಿದ್ದರೆ ಹಿಟ್ಟಿನ ಮೂಟೆ. ಏಳು, ಮೊದ್ಲು ಮಗ್ಗುಲಿಗೆ ಹೊರಳು, ಅಳೋದು ಆಮೇಲೆ. ಅಳುತ್ತಿಲ್ಲ ಅತ್ತೆ, ಚಳಿಗೆ ಕಣ್ಣಲ್ಲಿ ನೀರು.

ಅವಳೆದುರು ಅಳುವುದಿಲ್ಲ, ಅವನನ್ನು ಮಣ್ಣು ಮಾಡಿದ ದಿನವೂ ಅಳಲಿಲ್ಲ, ಚರ್ಚಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅತ್ತೆ ತಟ್ಟೆ ಕೆಳಗಿಟ್ಟು ಹೇಳಿದಳು, ಸ್ಕೀ ಬರೋ ಹೆಂಡ್ತಿ ಇದ್ದಿದ್ರೆ ನನ್ ಮಗ ಒಬ್ನೇ ಸಾಯ್ತಿರ್ಲಿಲ್ಲ, ಹಾಗನ್ನಬೇಡಿ ರಾಗ್ನಾ ಎಂದು ಅತ್ತೆಯನ್ನು ಯಾರೂ ತಡೆಯಲಿಲ್ಲ, ಆ ಮಾತು ಸುಳ್ಳೆಂದು ನನಗೆ ನಾನೇ ತೋರಿಸಿಕೊಳ್ಳಬೇಕು, ಅದಕ್ಕೇ ಹೋಗಿ ಅತ್ತೆಯನ್ನೇ ಕೇಳಿದೆ, ಕಲಿಸಿಕೊಡಿ, ಅವನು ಬಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ, ಅವಳು ಚೆನ್ನಾಗಿ ಜಾರಲೆಂದು ಸ್ಕೀಗೆ ಮೇಣ ಉಜ್ಜತೊಡಗಿದಳು, ಮೂರು ಭಾನುವಾರ ಹೆಪ್ಪುಗಟ್ಟಿದ ಕೆರೆಯ ಮೇಲಿನ ಮಟ್ಟಸ ಹಿಮ, ಇವತ್ತು ಈ ದಿಬ್ಬ. ಬೆಟ್ಟದಲ್ಲಿ ಸಿಕ್ಕ ಎಂದಿದ್ದರು ಅತ್ತೆಯ ಜೊತೆ ಹುಡುಕಲು ಹೋದವರು, ಬೆಟ್ಟವೆಂದರೆ ನನಗೆ ಮೋಡ ಮುಚ್ಚಿದ ಆ ತುದಿ, ನಾನಲ್ಲ, ಯಾವ ಹೆಂಡತಿಯೂ ತಲುಪಲಾರದಷ್ಟು ದೂರ, ಕಾಲು ಮುರಿದಿತ್ತು, ಫೋನು ಮನೆಯಲ್ಲೇ ಬಿಟ್ಟಿದ್ದ, ಸಂಜೆ ನಾಲ್ಕಕ್ಕೆ ಬಿದ್ದಿರಬೇಕು, ಐದು ಗಂಟೆ ಜೀವ ಹಿಡಿದಿದ್ದ ಎಂದರು ಡಾಕ್ಟರು, ಆ ಐದು ಗಂಟೆ ನಾನು ಬಟಾಣಿ ಸಾರು ಕುದಿಸುತ್ತಿದ್ದೆ, ರೇಡಿಯೋ ಹಾಕಿಕೊಂಡಿದ್ದೆ, ಗೆಳೆಯ ಹಾಲ್ವೋರನ ಗುಡಿಸಲಲ್ಲಿ ಉಳಿದಿರುತ್ತಾನೆ ಅಂದುಕೊಂಡೆ, ಎಷ್ಟೋ ಸಲ ಉಳಿದಿದ್ದ, ಎಷ್ಟು ದೂರದಲ್ಲಿ ಸಿಕ್ಕ ಎಂದು ಯಾರನ್ನೂ ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ.

ನಿಲ್ಲು, ಇಲ್ಲೇ. ಇಲ್ಲೇನು ಅತ್ತೆ, ಸುಸ್ತಾಯಿತೇ. ಇಲ್ಲೇ ಕಣಮ್ಮ, ಈ ಬರ್ಚ್ ಮರದ ಬುಡ. ಇಲ್ಲ, ಇನ್ನೂ ಹೋಗಬೇಕು, ಈಗಷ್ಟೇ ಮನೆಯಿಂದ ಹೊರಟಿದ್ದೇವೆ, ಗಡಿಯಾರ ನೋಡುತ್ತೇನೆ, ಇಪ್ಪತ್ತೈದು ನಿಮಿಷ, ಆರು ಸಲ ಬಿದ್ದು ಎದ್ದು ಇಪ್ಪತ್ತೈದೇ ನಿಮಿಷ — ಇಷ್ಟು ಹತ್ರ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ, ಅತ್ತೆಯ ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೇ ಚೆನ್ನಾಗಿತ್ತು, ಅವನ ಮುಖ ಯಾವ ಕಡೆಗಿತ್ತು, ಅವಳು ಕೈಗವಸಿನ ಕೈಯೆತ್ತಿ ಕೆಳಗೆ ತೋರಿಸುತ್ತಾಳೆ, ಮರಗಳ ಸಂದಿಯಲ್ಲಿ ನಮ್ಮ ಅಡುಗೆಮನೆಯ ಕಿಟಕಿ, ವಾಪಸು ಬರುವಾಗ ಕತ್ತಲಾಗುತ್ತದೆಂದು ದೀಪ ಹಾಕಿಟ್ಟು ಬಂದಿದ್ದೆ, ಹಳದಿ ಬೆಳಕು, ಕೆಂಪು ಚೌಕಳಿ ಪರದೆ, ಒಲೆಯ ಮೇಲಿನ ಪಾತ್ರೆ ಕೂಡ ಕಾಣುತ್ತದೆ, ಇಲ್ಲಿಂದ ಅವನು ಕೂಗಿರುತ್ತಾನೆ, ಕಿಟಕಿಯಲ್ಲಿ ನಾನು ಆಚೆ ಈಚೆ ಓಡಾಡುತ್ತಿದ್ದೆ, ಸಾರು ಕಲಕುತ್ತಿದ್ದೆ, ಒಂಬತ್ತಕ್ಕೆ ನಾನು, ಮಲಗುವ ಮುಂಚೆ, ದೀಪ ಆರಿಸಲು, ಕಿಟಕಿ, ಹಳದಿ ಕಿಟಕಿ, ಒಳಗೆ ನಾನು, ಸ್ವಿಚ್ಚಿನ ಮೇಲೆ ನನ್ನ ಕೈ, ಕಿಟಕಿ, ನನ್ನ ಕೈ —