ಉಳಿದ ಹನ್ನೊಂದು ದಿನ

ಮಸ್ಕತ್‌ನಲ್ಲಿ ಫಿಟ್ಟರ್ ಆಗಿದ್ದ ಕಾಶಿನಾಥನಿಗೆ ತೆರಿಗೆಯ ಒಂದು ಲೆಕ್ಕ ಮಾತ್ರ ಚೆನ್ನಾಗಿ ಗೊತ್ತಿತ್ತು. ವರ್ಷದಲ್ಲಿ ಆರು ತಿಂಗಳು ಭಾರತದಲ್ಲೇ ಕಳೆದರೆ ಅಲ್ಲಿನ ಸಂಬಳಕ್ಕೂ ಇಲ್ಲಿ ಆದಾಯ ತೆರಿಗೆ ಬೀಳುತ್ತದೆ. ಕಾಲು ಮುರಿದುಕೊಂಡು ಮತ್ತಿಕೆರೆಯ ಬಾಡಿಗೆ ಮನೆಗೆ ಬಂದವನಿಗೆ ಆ ಆರು ತಿಂಗಳು ತುಂಬಲು ಈಗ ಉಳಿದಿದ್ದು ಹನ್ನೊಂದು ದಿನ.

ಕೋಗಿಲಿನ ತನ್ನ ಸೈಟಿನ ಕಂದಾಯದ ಲೆಕ್ಕವನ್ನು ಮಾತ್ರ ಅವನು ಕಲಿಯಲೇ ಇಲ್ಲ. ಸೈಟು ಮಾರಿದ ಮುದುಕ ಮುನಿಯಲ್ಲಪ್ಪನಿಗೇ ಏಳು ವರ್ಷ ದುಡ್ಡು ಕಳಿಸಿದ್ದ. ಕಟ್ಟಿದ್ದೇನೆ ಎಂದು ಕಾಗದ ಬರುತ್ತಿತ್ತು. ಖಾತೆಯನ್ನು ಕಾಶಿನಾಥನ ಹೆಸರಿಗೆ ಬದಲಾಯಿಸುವ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಹೊರಡುವ ಮೊದಲು ರಸೀದಿ ತೆಗೆದುಕೊಳ್ಳೋಣವೆಂದು ಬಂದವನೆದುರು ಮುನಿಯಲ್ಲಪ್ಪ ಅವನ್ನೆಲ್ಲ ತನ್ನ ಮನೆಯ ಜಗಲಿಯ ಮೇಲೆ ಹರಡಿದ. ಆರರಲ್ಲಿ ಮುನಿಯಲ್ಲಪ್ಪನದೇ ಹೆಸರು. ಏಳನೆಯದರಲ್ಲಿ ಕಾಶಿನಾಥ ಎಂದೂ ಕೇಳಿರದ ಒಂದು ಹೆಸರು.

“ಇವ್ರು ಯಾರ್ರಿ?”

“ನಮ್ಮೋರೇ ಕಣಣ್ಣ. ಕಂದಾಯ ಕಟ್ಟೈತಲ್ಲ, ಎಸ್ರು ಯಾರ್ದಾದ್ರೇನು?”

“ಸೈಟ್ ನಂದೈತ್ರಿ. ಖರೀದಿ ಪತ್ರ ಐತಿ.”

“ಇಲ್ಲ ಅಂದ್ನಾ? ಅವ್ರತ್ರಾನೂ ಒಂದೈತೆ. ಕೋರ್ಟ್ನಾಗೆ ಕೇಳ್ತಾರೆ, ತೋರ್ಸಿ. ವರ್ಸಾನುಗಟ್ಲೆ ಇಲ್ಲೇ ಇದ್ದು ಓಡಾಡ್ಬೇಕು, ಅಷ್ಟೇಯ.”

ಎದುರಿಗೇ ಇದ್ದ ಆ ಸೈಟಿನಲ್ಲಿ ಇಬ್ಬರು ಪಾಯಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಕಾಶಿನಾಥ ನೋಡುತ್ತಿದ್ದರೂ ಅವರ ಕೈ ನಿಲ್ಲಲಿಲ್ಲ.

ಮುನಿಯಲ್ಲಪ್ಪ ರಸೀದಿಗಳನ್ನು ನಿಧಾನವಾಗಿ ದಾರದಿಂದ ಕಟ್ಟಿದ. ಆರು ತಿಂಗಳ ಆ ಲೆಕ್ಕವನ್ನು, ತಾನು ಬಂದಿಳಿದ ತಾರೀಕಿನ ಸಮೇತ, ಕಾಶಿನಾಥನೇ ಹಿಂದೊಮ್ಮೆ ಹೆಮ್ಮೆಯಿಂದ ಅವನಿಗೆ ಕಾಗದದಲ್ಲಿ ವಿವರಿಸಿದ್ದ.

“ಮಜ್ಜಿಗೆ ಕುಡ್ಕೊಂಡೋಗಿ,” ಎಂದ ಮುದುಕ ಮೆಲ್ಲಗೆ. “ಇನ್ನು ಅನ್ನೊಂದ್ ದಿನ ಅಲ್ವಾ, ನೀವು ಒರಡಾಕೆ?”